ಮೈಗ್ರೇನ್‌ಗೂ ಥೈರಾಯ್ಡ್‌ಗೂ ನಂಟು ಎಷ್ಟು? ಒಂದು ಟಿಎಸ್‌ಎಚ್ ರಿಪೋರ್ಟ್ ಹೇಳುವುದು, ಹೇಳದೆ ಬಿಡುವುದು

ಮೈಗ್ರೇನ್ ಇರುವ ಎಷ್ಟೋ ಹೆಂಗಸರ ಅಲೆದಾಟ ಒಂದೇ ದಾರಿಯಲ್ಲಿ ಸಾಗುತ್ತದೆ. ಮೊದಲು ಮನೆಯವರು ಪಿತ್ತ ಜಾಸ್ತಿಯಾಗಿದೆ ಅನ್ನುತ್ತಾರೆ. ಆಮೇಲೆ ಕಣ್ಣಿನ ಪರೀಕ್ಷೆ, ಕನ್ನಡಕ. ನಂತರ ಸೈನಸ್ ಇರಬೇಕು ಅಂತ ಒಂದಷ್ಟು ದಿನ ಹಬೆ ತೆಗೆದುಕೊಳ್ಳುವುದು. ಕೊನೆಗೆ ಯಾರೋ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿ ಸೋತಾಗ ಏರುವ ಹಾರ್ಮೋನು, ಸಾಮಾನ್ಯವಾಗಿ ಸುಮಾರು 4ರೊಳಗೆ ಇರಬೇಕಾದದ್ದು) 6 ಅಥವಾ 7 ಎಂದು ದಪ್ಪ ಅಕ್ಷರದಲ್ಲಿ ಬಂದಿರುತ್ತದೆ. ‘ಓಹೋ, ಥೈರಾಯ್ಡ್‌ನಿಂದ ಬರುವ ತಲೆನೋವು ಇದು, ಮಾತ್ರೆ ಶುರು ಮಾಡಿದರೆ ಸರಿಹೋಗುತ್ತದೆ’ ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ. ಮಾತ್ರೆ ಶುರುವಾಗುತ್ತದೆ. ಕೆಲವರಿಗೆ ತಲೆನೋವು ಕಡಿಮೆಯೂ ಆಗುತ್ತದೆ. ಮಿಕ್ಕವರು ವರ್ಷಗಟ್ಟಲೆ ಮಾತ್ರೆ ನುಂಗುತ್ತಾ, ತಿಂಗಳಿಗೆ ನಾಲ್ಕೈದು ದಿನ ಕತ್ತಲೆ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗುತ್ತಲೇ ಇರುತ್ತಾರೆ.

ಮೈಗ್ರೇನ್‌ಗೂ ಥೈರಾಯ್ಡ್ ಕಡಿಮೆ ಕೆಲಸ ಮಾಡುವುದಕ್ಕೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಂಧ ಇದೆ, ಅದಕ್ಕೆ ಒಳ್ಳೆಯ ಅಧ್ಯಯನಗಳ ಆಧಾರವೂ ಇದೆ. ಆದರೆ ಆ ಸಂಬಂಧಕ್ಕೆ ನಾವು ಅದರ ಯೋಗ್ಯತೆಗಿಂತ ಜಾಸ್ತಿ ಹೊರೆ ಹೊರಿಸಿದ್ದೇವೆ. ಅದರಿಂದ ನಷ್ಟವಾಗುತ್ತಿರುವುದು ಮೈಗ್ರೇನ್‌ಗೆ ಸಿಗಬೇಕಾದ ಚಿಕಿತ್ಸೆಗೆ.

ಮೊದಲು ಎರಡೂ ತೊಂದರೆ ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದು ನೋಡೋಣ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಂಡದವರು ಮನೆಮನೆಗೆ ಹೋಗಿ, 18ರಿಂದ 65 ವರ್ಷದೊಳಗಿನ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತಲೆನೋವಿನ ಬಗ್ಗೆ ವಿಚಾರಿಸಿದ್ದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು 25 ಜನರಿಗೆ ಮೈಗ್ರೇನ್ ಇತ್ತು. ಅಂದರೆ ನಾಲ್ಕರಲ್ಲಿ ಒಬ್ಬರಿಗೆ. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಟೆನ್ಷನ್ ಇರುವ ಪೇಟೆಯವರ ಕಾಯಿಲೆ ಎಂದುಕೊಂಡವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು.

ಥೈರಾಯ್ಡ್ ಬಗ್ಗೆಯೂ ಅಂಥದ್ದೇ ಒಂದು ಸಮೀಕ್ಷೆ ಇದೆ. ಬೆಂಗಳೂರು ಸೇರಿ ದೇಶದ ಎಂಟು ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 11 ಜನರಲ್ಲಿ ಹೈಪೋಥೈರಾಯ್ಡ್, ಅಂದರೆ ಥೈರಾಯ್ಡ್ ಹಾರ್ಮೋನು ಸಾಲದಿರುವ ಸ್ಥಿತಿ ಕಂಡಿತು. 2013ರಲ್ಲಿ ಪ್ರಕಟವಾದ ಲೆಕ್ಕ ಇದು. ಅವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತಮಗೆ ತೊಂದರೆ ಇದೆ ಅನ್ನುವುದೇ ಗೊತ್ತಿರಲಿಲ್ಲ. ಇದೂ ಹೆಂಗಸರಲ್ಲೇ ಜಾಸ್ತಿ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ ಎಂದುಕೊಂಡರೂ, ನೂರು ಜನರಲ್ಲಿ ಎರಡು-ಮೂರು ಮಂದಿಗೆ ಎರಡೂ ಇರಬೇಕು. ಹೆಂಗಸರಲ್ಲಿ ಇನ್ನೂ ಹೆಚ್ಚು. ಕರ್ನಾಟಕದಷ್ಟು ದೊಡ್ಡ ರಾಜ್ಯದಲ್ಲಿ ಅದು ಲಕ್ಷಗಟ್ಟಲೆ ಜನ. ಹಾಗಾಗಿ ‘ನನಗೆ ಎರಡೂ ಇದೆ, ಅಕ್ಕನಿಗೂ ಎರಡೂ ಇದೆ’ ಅನ್ನುವುದು ಒಂದರಿಂದ ಇನ್ನೊಂದು ಬಂತು ಎನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ಕಾಕತಾಳೀಯಕ್ಕಿಂತ ಹೆಚ್ಚು ಇದೆಯಾ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ಇದೆ. ಅದನ್ನು ಚೆನ್ನಾಗಿ ತೋರಿಸಿದ ಅಧ್ಯಯನ ಅಮೆರಿಕದ ಓಹಾಯೋ ರಾಜ್ಯದ್ದು. ಅಲ್ಲಿನ ಫರ್ನಾಲ್ಡ್ ಎಂಬಲ್ಲಿ ಯುರೇನಿಯಂ ಸಂಸ್ಕರಿಸುವ ಕಾರ್ಖಾನೆ ಇತ್ತು. ಸುತ್ತಲಿನ ನಿವಾಸಿಗಳ ಆರೋಗ್ಯದ ಮೇಲೆ ನಿಗಾ ಇಡಲು ಒಂದು ಕಾರ್ಯಕ್ರಮ ಶುರುವಾಯಿತು. ಅದರಲ್ಲಿದ್ದ 8,412 ಜನರನ್ನು ಸುಮಾರು 20 ವರ್ಷ, ಮೂರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡುತ್ತಾ ನೋಡಿದರು. ಮೊದಲೇ ಥೈರಾಯ್ಡ್ ತೊಂದರೆ ಇದ್ದವರನ್ನು ಲೆಕ್ಕದಿಂದ ಬಿಟ್ಟರು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು ಈ ಮಾಹಿತಿಯನ್ನು 2017ರಲ್ಲಿ ಪ್ರಕಟಿಸಿದರು. ಮೊದಲಿನಿಂದ ತಲೆನೋವಿನ ಕಾಯಿಲೆ ಇದ್ದವರಿಗೆ ಮುಂದೆ ಹೈಪೋಥೈರಾಯ್ಡ್ ಬರುವ ಸಾಧ್ಯತೆ ಬೇರೆಯವರಿಗಿಂತ ಶೇ. 21ರಷ್ಟು ಹೆಚ್ಚಿತ್ತು. ಮೈಗ್ರೇನ್ ಇರಬಹುದು ಅನ್ನಿಸಿದವರಲ್ಲಿ ಶೇ. 41ರಷ್ಟು ಹೆಚ್ಚು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಮೊದಲನೆಯದು, ಶೇ. 41 ಅನ್ನುವುದು ಕೇಳಲು ಎಷ್ಟು ದೊಡ್ಡದೋ ಅಷ್ಟು ದೊಡ್ಡದಲ್ಲ. ಆ ಊರಿನವರಲ್ಲಿ ಒಟ್ಟು ನೂರಕ್ಕೆ ಸುಮಾರು 7 ಮಂದಿಗೆ ಹೈಪೋಥೈರಾಯ್ಡ್ ಬಂತು. ಅದರ ಮೇಲೆ ಶೇ. 41 ಏರಿದರೆ 10ರ ಆಸುಪಾಸು. ಮೈಗ್ರೇನ್ ಇದ್ದವರಲ್ಲೂ ಹತ್ತರಲ್ಲಿ ಒಂಬತ್ತು ಜನರಿಗೆ ಥೈರಾಯ್ಡ್ ತೊಂದರೆ ಬರಲೇ ಇಲ್ಲ. ಎರಡನೆಯದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ನಮ್ಮಲ್ಲಿ ಎಲ್ಲರೂ ಹೇಳುವುದು ಥೈರಾಯ್ಡ್‌ನಿಂದ ಮೈಗ್ರೇನ್ ಬಂತು ಎಂದು. ಓಹಾಯೋದಲ್ಲಿ ಕಂಡದ್ದು ಇದರ ಉಲ್ಟಾ ಕ್ರಮ. ಅಲ್ಲಿ ತಲೆನೋವು ಮೊದಲು ಇತ್ತು, ಥೈರಾಯ್ಡ್ ಆಮೇಲೆ ಸೋತಿತು. ಮೊದಲೇ ಇದ್ದ ನೋವಿಗೆ ಆಮೇಲೆ ಬಂದ ಕೊರತೆ ಮೂಲ ಕಾರಣ ಆಗಲು ಹೇಗೆ ಸಾಧ್ಯ?

ಇಟಲಿಯ ಟುರಿನ್‌ನಲ್ಲಿ ಇನ್ನೊಂದು ಬಗೆಯಲ್ಲಿ ಹುಡುಕಿದರು. ಅವರು ಆರಿಸಿಕೊಂಡದ್ದು ‘ಬಾರ್ಡರ್‌ಲೈನ್ ಥೈರಾಯ್ಡ್’ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅಂಥವರನ್ನು. ವೈದ್ಯರು ಇದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡ್ ಅನ್ನುತ್ತಾರೆ. ಟಿಎಸ್‌ಎಚ್ ಏರಿರುತ್ತದೆ, ಆದರೆ ಥೈರಾಯ್ಡ್ ಹಾರ್ಮೋನಾದ ಟಿ4 ಇನ್ನೂ ಸರಿಯಾಗಿಯೇ ಇರುತ್ತದೆ. ಇಂಥ 151 ಜನರಲ್ಲಿ ಶೇ. 46 ಮಂದಿಗೆ ಜೀವನದಲ್ಲಿ ಎಂದಾದರೂ ಮೈಗ್ರೇನ್ ಬಂದಿತ್ತು. ಹೋಲಿಕೆಗೆ ತೆಗೆದುಕೊಂಡ 150 ಜನರಲ್ಲಿ ಶೇ. 13 ಮಂದಿಗೆ ಮಾತ್ರ. ಅಂತರ ದೊಡ್ಡದೇ. ಆದರೆ ಇವರು ಆಸ್ಪತ್ರೆಗೆ ಬಂದವರು. ಪದೇಪದೇ ತಲೆನೋವು ಬರುವವರು ಆಸ್ಪತ್ರೆಗೆ ಜಾಸ್ತಿ ಹೋಗುತ್ತಾರೆ, ರಕ್ತ ಪರೀಕ್ಷೆಯನ್ನೂ ಜಾಸ್ತಿ ಮಾಡಿಸುತ್ತಾರೆ. ಟಿಎಸ್‌ಎಚ್ ಏರಿರುವುದು ಪತ್ತೆಯಾಗುವುದೂ ಅವರಲ್ಲೇ. ಇಂಥ ಅಂತರದಲ್ಲಿ ಒಂದು ಪಾಲು ಅದರಿಂದಲೂ ಬರಬಹುದು.

ಈ ಅನುಮಾನಕ್ಕೆ ಬಲ ಕೊಡುವ ಅಧ್ಯಯನ ನಾರ್ವೆಯದು. ಅಲ್ಲಿ ಆಸ್ಪತ್ರೆಗೆ ಬಂದವರನ್ನು ಆರಿಸದೆ, ಒಂದಿಡೀ ಜಿಲ್ಲೆಯ ಜನರನ್ನೇ ಪರೀಕ್ಷಿಸಿದ್ದರು. 2001ರಲ್ಲಿ ಬಂದ ಆ ವರದಿಯಲ್ಲಿ, ಟಿಎಸ್‌ಎಚ್ ತುಂಬಾ ಏರಿದ್ದ ಹೆಂಗಸರಲ್ಲಿ ತಲೆನೋವು ಕಡಿಮೆಯೇ ಇತ್ತು! ‘ಥೈರಾಯ್ಡ್ ಕಡಿಮೆಯಾದರೆ ಮೈಗ್ರೇನ್ ಬರುತ್ತದೆ’ ಎಂದು ಬರೆಯುವವರು ಈ ಅಧ್ಯಯನವನ್ನು ಹೇಳುವುದೇ ಇಲ್ಲ. ಇದನ್ನೂ ಓದುಗರ ಮುಂದೆ ಇಡುವುದು ನ್ಯಾಯ.

ಗೊಂದಲಕ್ಕೆ ಇನ್ನೊಂದು ಕಾರಣ ಇದೆ. ಹೈಪೋಥೈರಾಯ್ಡ್‌ಗೆ ತನ್ನದೇ ಆದ ಒಂದು ತಲೆನೋವು ಇದೆ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದಕ್ಕೆ ಬೇರೆಯೇ ಜಾಗ ಕೊಟ್ಟಿದ್ದಾರೆ. ಅದು ಸಾಮಾನ್ಯವಾಗಿ ತಲೆಯ ಎರಡೂ ಕಡೆ ಇರುತ್ತದೆ, ದಪದಪ ಹೊಡೆದುಕೊಳ್ಳುವುದಿಲ್ಲ, ಬಿಡದೆ ಸಣ್ಣಗೆ ನೋಯುತ್ತಿರುತ್ತದೆ. ಹಾರ್ಮೋನು ಸರಿಯಾದರೆ ಅದೂ ಹೋಗುತ್ತದೆ. ಹೈಪೋಥೈರಾಯ್ಡ್ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ತಲೆನೋವು ಇರುತ್ತದೆ ಎಂದು ಆ ವರ್ಗೀಕರಣ ಹೇಳುತ್ತದೆ.

ಮೈಗ್ರೇನ್ ಬೇರೆ. ಅದು ಬಂದು ಹೋಗುವ ಕಾಯಿಲೆ. ಒಂದು ಸಲ ಬಂದರೆ 4 ಗಂಟೆಯಿಂದ 72 ಗಂಟೆಯವರೆಗೆ ಇರುತ್ತದೆ. ಹೆಚ್ಚಾಗಿ ಒಂದು ಕಡೆ, ನಾಡಿ ಹೊಡೆದಂತೆ ನೋವು. ಮೆಟ್ಟಿಲು ಹತ್ತಿದರೆ ಹೆಚ್ಚುತ್ತದೆ. ಹೊಟ್ಟೆ ತೊಳಸುತ್ತದೆ, ವಾಂತಿ ಆಗುತ್ತದೆ. ಬೆಳಕು, ಸದ್ದು ಸಹಿಸಲು ಆಗುವುದಿಲ್ಲ. ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆಗಳು ಕಾಣುತ್ತವೆ. ವಾಂತಿ ಆದಮೇಲೆ ಹಗುರ ಅನ್ನಿಸುವುದರಿಂದಲೇ ನಮ್ಮ ಹಿರಿಯರು ಇದನ್ನು ಪಿತ್ತದ ಲೆಕ್ಕಕ್ಕೆ ಬರೆದದ್ದು. ವಾಂತಿ ಮೈಗ್ರೇನ್‌ನ ಒಂದು ಲಕ್ಷಣ. ಅದು ಶುರುವಾಗುವುದು ಮೆದುಳಿನಲ್ಲಿ.

ಈಗ ಒಬ್ಬರಿಗೆ ಎರಡೂ ತಲೆನೋವು ಇದೆ ಎಂದುಕೊಳ್ಳಿ. ಅವರು ಥೈರಾಯ್ಡ್ ಮಾತ್ರೆ ತೆಗೆದುಕೊಂಡರೆ ದಿನವೂ ಇದ್ದ ಸಣ್ಣ ನೋವು ಹೋಗುತ್ತದೆ, ಬಂದು ಹೋಗುವ ಮೈಗ್ರೇನ್ ಉಳಿಯುತ್ತದೆ. ‘ಮಾತ್ರೆ ಕೆಲಸ ಮಾಡಿತು’ ಅನ್ನುವುದೂ ನಿಜ, ‘ಮಾತ್ರೆ ಕೆಲಸ ಮಾಡಲಿಲ್ಲ’ ಅನ್ನುವುದೂ ನಿಜ. ಬರೀ ‘ತಲೆನೋವು ಹೇಗಿದೆ?’ ಎಂದು ಕೇಳಿದರೆ ಇದು ಗೊತ್ತಾಗುವುದೇ ಇಲ್ಲ.

ಹಾಗಾದರೆ ಎರಡೂ ಜೊತೆಯಾಗಿ ಯಾಕೆ ಕಾಣುತ್ತವೆ? ಕೆಲವು ಊಹೆಗಳಿವೆ. ಎರಡು ಕಾಯಿಲೆಗೂ ತಕ್ಕಮಟ್ಟಿಗೆ ಒಂದೇ ಅನುವಂಶೀಯ ಹಿನ್ನೆಲೆ ಇರಬಹುದು. ಹೈಪೋಥೈರಾಯ್ಡ್‌ಗೆ ಈಗ ಮುಖ್ಯ ಕಾರಣ ಹಾಶಿಮೋಟೊ ಕಾಯಿಲೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಥೈರಾಯ್ಡ್ ಮೇಲೆ ಬೀಳುವ ಈ ಕಾಯಿಲೆಯನ್ನು ಜಪಾನಿನ ಹಕಾರು ಹಾಶಿಮೋಟೊ 1912ರಲ್ಲಿ ಮೊದಲು ವಿವರಿಸಿದರು. ಅಂಥ ಉರಿಯೂತ ಮೆದುಳಿನ ನೋವಿನ ಜಾಲವನ್ನೂ ಕೆರಳಿಸಬಹುದು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಜೀವಕೋಶಗಳು ಶಕ್ತಿ ಬಳಸುವ ರೀತಿ ಬದಲಾಗುತ್ತದೆ. ತೂಕ ಏರುತ್ತದೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಬರಬಹುದು, ಮನಸ್ಸು ಕುಗ್ಗುತ್ತದೆ. ಇವೆಲ್ಲ ಮೈಗ್ರೇನ್ ಅನ್ನು ಹೆಚ್ಚಿಸುವಂಥವೇ.

ಒಂದು ಕುತೂಹಲದ ವಿಷಯವನ್ನೂ ಹೇಳಿಬಿಡುತ್ತೇನೆ. ಮೈಗ್ರೇನ್‌ನ ಹೊಸ ಔಷಧಿಗಳು ಸಿಜಿಆರ್‌ಪಿ ಎಂಬ ಪ್ರೋಟೀನಿಗೆ ತಡೆ ಹಾಕುತ್ತವೆ. ನರಗಳಲ್ಲಿ ಸಿಜಿಆರ್‌ಪಿ ತಯಾರಿಸುವ ಜೀನ್, ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾಲ್ಸಿಟೋನಿನ್ ಎಂಬ ಬೇರೆ ಹಾರ್ಮೋನನ್ನು ತಯಾರಿಸುತ್ತದೆ. ಒಂದೇ ಜೀನ್, ಎರಡು ಜಾಗ, ಎರಡು ಕೆಲಸ. ಇದನ್ನು ಕಂಡ ಕೂಡಲೇ ‘ಸಿಕ್ಕಿತು ನಂಟು’ ಅನ್ನುವ ಆಸೆಯಾಗುತ್ತದೆ. ಆದರೆ ಕ್ಯಾಲ್ಸಿಟೋನಿನ್ ಮಾಡುವ ಕೋಶಗಳೇ ಬೇರೆ. ಹೈಪೋಥೈರಾಯ್ಡ್‌ನಲ್ಲಿ ಕೊರತೆಯಾಗುವ ಹಾರ್ಮೋನು ಅಲ್ಲಿಂದ ಬರುವುದಿಲ್ಲ. ಹೆಸರು ಕೂಡಿಬಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂದುಕೊಳ್ಳುವಂತಿಲ್ಲ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಥೈರಾಯ್ಡ್ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ತೆಗೆದುಕೊಂಡರೆ ಮೈಗ್ರೇನ್ ಕಡಿಮೆ ಆಗುತ್ತಾ?

ಟಿ4 ನಿಜಕ್ಕೂ ಕಡಿಮೆಯಿದ್ದು, ಟಿಎಸ್‌ಎಚ್ 10ಕ್ಕಿಂತ ಮೇಲಿದ್ದರೆ ತಲೆನೋವು ಇರಲಿ ಬಿಡಲಿ ಮಾತ್ರೆ ಬೇಕು. ಅಂಥವರಲ್ಲಿ ಅನೇಕರಿಗೆ ತಲೆನೋವೂ ಹಗುರವಾಗುತ್ತದೆ. ಇದರಲ್ಲಿ ಚರ್ಚೆ ಇಲ್ಲ. ಚರ್ಚೆ ಇರುವುದು ಟಿಎಸ್‌ಎಚ್ 5, 6, 7 ಇರುವವರ ಬಗ್ಗೆ. ಇಂಥವರಿಗೂ ಮಾತ್ರೆ ಕೊಟ್ಟಾಗ ಮೈಗ್ರೇನ್ ಕಡಿಮೆಯಾಯಿತು ಎಂದು ಹೇಳುವ ಕೆಲವು ಸಣ್ಣ ಅಧ್ಯಯನಗಳಿವೆ. ಅವನ್ನು ಎಚ್ಚರದಿಂದ ಓದಬೇಕು. ಮೈಗ್ರೇನ್ ಏರಿಳಿಯುವ ಕಾಯಿಲೆ. ನಾವು ಡಾಕ್ಟರ ಹತ್ತಿರ ಓಡುವುದು ಅದು ತುಂಬಾ ಏರಿದಾಗ. ಅಲ್ಲಿಂದ ಅದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಆ ಹೊತ್ತಿಗೆ ಯಾವ ಮಾತ್ರೆ ಕೊಟ್ಟಿದ್ದರೂ ಹೆಸರು ಅದಕ್ಕೇ ಬರುತ್ತದೆ. ಅದಕ್ಕೇ ಮೈಗ್ರೇನ್‌ನಲ್ಲಿ ಸುಳ್ಳು ಮಾತ್ರೆಯ (ನೋಡಲು ಅದೇ ತರಹ ಇದ್ದು ಔಷಧಿ ಇಲ್ಲದ ಮಾತ್ರೆಯ) ಜೊತೆ ಹೋಲಿಸದೆ ಯಾವ ಔಷಧಿಯ ಬಗ್ಗೆಯೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ.

ತಲೆನೋವು ಬಿಟ್ಟು ಬೇರೆ ಲಕ್ಷಣಗಳ ಮಟ್ಟಿಗೆ ಅಂಥ ದೊಡ್ಡ ಹೋಲಿಕೆ ನಡೆದಿದೆ. 65 ದಾಟಿದ 737 ಜನರಲ್ಲಿ ನಡೆದ ‘ಟ್ರಸ್ಟ್’ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬಾರ್ಡರ್‌ಲೈನ್ ಥೈರಾಯ್ಡ್‌ಗೆ ಮಾತ್ರೆ ನುಂಗಿದವರಿಗೂ ಸುಳ್ಳು ಮಾತ್ರೆ ನುಂಗಿದವರಿಗೂ ಸುಸ್ತು ಮತ್ತು ಇತರ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನ ಬಿಎಂಜೆ ಪತ್ರಿಕೆಯಲ್ಲಿ 2019ರಲ್ಲಿ ತಜ್ಞರ ಗುಂಪೊಂದು, ಬಾರ್ಡರ್‌ಲೈನ್ ಇರುವ ವಯಸ್ಕರಿಗೆ ಮಾಮೂಲಾಗಿ ಮಾತ್ರೆ ಬೇಡ ಎಂದು ಸಲಹೆ ಕೊಟ್ಟಿತು. ಗರ್ಭಿಣಿಯರಾಗಲು ಬಯಸುವವರಿಗೆ, ಲಕ್ಷಣಗಳು ತೀವ್ರವಾಗಿರುವವರಿಗೆ, ಸುಮಾರು 30ರೊಳಗಿನ ಯುವ ವಯಸ್ಸಿನವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಹೇಳಿತು. ಅನಗತ್ಯ ಮಾತ್ರೆ ಸುಮ್ನೆ ಹೊಟ್ಟೆಗೆ ಹೋಗಿ ಬರುವುದಲ್ಲ. ಡೋಸ್ ಹೆಚ್ಚಾದರೆ ಎದೆ ಬಡಿತ ಏರುತ್ತದೆ, ನಿದ್ದೆ ಕೆಡುತ್ತದೆ, ಮೂಳೆ ಸವೆಯುತ್ತದೆ. ನಿದ್ದೆ ಕೆಟ್ಟರೆ ಮೈಗ್ರೇನ್ ಅನ್ನು ಕರೆದು ಕೂರಿಸಿದ ಹಾಗೆ.

ಆದ್ದರಿಂದ ನನ್ನ ನಿಲುವು ಇಷ್ಟು. ಮೈಗ್ರೇನ್ ಇರುವವರಿಗೆ, ಅದರಲ್ಲೂ ಇತ್ತೀಚೆಗೆ ನೋವು ಹೆಚ್ಚಾಗಿದ್ದರೆ, ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಜೊತೆಗಿದ್ದರೆ, ಟಿಎಸ್‌ಎಚ್ ಪರೀಕ್ಷೆ ಮಾಡಿಸಲೇಬೇಕು. ಏರಿದ್ದರೆ ಅದಕ್ಕೆ ಅದರದೇ ನಿಯಮದಂತೆ ಚಿಕಿತ್ಸೆ ಆಗಲಿ. ಮೈಗ್ರೇನ್‌ನ ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ‘ಮೊದಲು ಥೈರಾಯ್ಡ್ ಕಂಟ್ರೋಲ್‌ಗೆ ಬರಲಿ, ಆಮೇಲೆ ತಲೆನೋವು ನೋಡೋಣ’ ಎಂಬ ಮಾತಿನಿಂದ ಕಳೆದುಹೋಗುವ ತಿಂಗಳುಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಪರೀಕ್ಷೆಯನ್ನೂ ಸರಿಯಾಗಿ ಓದಬೇಕು. ಟಿಎಸ್‌ಎಚ್ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಸೋತಷ್ಟೂ ಅದು ಹೆಚ್ಚು ಸುರಿಯುತ್ತದೆ. ಸಾಮಾನ್ಯ ಮಟ್ಟ ಸುಮಾರು 0.4ರಿಂದ 4ರವರೆಗೆ. ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬೇರೆ. ರಾತ್ರಿ ಮತ್ತು ನಸುಕಿನಲ್ಲಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಜ್ವರ ಬಂದು ಹೋದ ಮೇಲೂ ಕೆಲದಿನ ಏರಬಹುದು. ಹಾಗಾಗಿ ಒಂದೇ ರಿಪೋರ್ಟ್ ನೋಡಿ ಜೀವನಪೂರ್ತಿ ಮಾತ್ರೆ ಶುರು ಮಾಡುವುದು ಸರಿಯಲ್ಲ. ಸ್ವಲ್ಪವೇ ಏರಿದ್ದರೆ ಎರಡು-ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಎಷ್ಟೋ ಜನರಲ್ಲಿ ಅದು ತಾನೇ ಇಳಿದಿರುತ್ತದೆ.

ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಲ್ಯಾಬ್‌ಗೆ ಹೋಗುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಅನೇಕ ಯಂತ್ರಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರುತ್ತದೆ. ಕಾಯಿಲೆ ಇದ್ದರೂ ಮುಚ್ಚಿಹೋಗುತ್ತದೆ. ಅಪರೂಪಕ್ಕೆ ಇನ್ನೊಂದು ಸಂಗತಿ ಇರುತ್ತದೆ. ಪಿಟ್ಯುಟರಿಯಲ್ಲೇ ಗಡ್ಡೆ ಇದ್ದರೆ ತಲೆನೋವೂ ಬರುತ್ತದೆ, ಥೈರಾಯ್ಡೂ ಕುಗ್ಗುತ್ತದೆ, ಆದರೆ ಟಿಎಸ್‌ಎಚ್ ಮಾತ್ರ ನಾರ್ಮಲ್ ಆಗಿಯೇ ಕಾಣಬಹುದು. ತಲೆನೋವಿನ ಜೊತೆ ಮುಟ್ಟು ನಿಂತಿದ್ದರೆ, ಹಾಲೂಡಿಸದಿದ್ದರೂ ಎದೆಯಿಂದ ಹಾಲು ಬರುತ್ತಿದ್ದರೆ, ಪಕ್ಕದ ದೃಷ್ಟಿ ಮಸುಕಾದರೆ ಫ್ರೀ ಟಿ4 ಪರೀಕ್ಷೆಯೂ ಬೇಕು, ಎಂಆರ್‌ಐ ಕೂಡ ಬೇಕಾಗಬಹುದು.

ಎರಡೂ ಕಾಯಿಲೆಯನ್ನು ಒಟ್ಟಿಗೆ ಹೊತ್ತವರ ದಿನಚರಿಯಲ್ಲಿ ಒಂದು ಜಗಳ ಇದೆ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಏನೂ ತಿನ್ನದೆ ಇರಬೇಕು. ಕಾಫಿಯೂ ಕೂಡದು. ಕಾಫಿ ಆ ಮಾತ್ರೆ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಆದರೆ ಮೈಗ್ರೇನ್ ಇರುವವರಿಗೆ ಹಸಿದು ಕೂರುವುದೂ ಆಗದು, ದಿನಾ ಕುಡಿಯುವ ಹೊತ್ತಿಗೆ ಕಾಫಿ ತಪ್ಪುವುದೂ ಆಗದು. ಎದ್ದ ಕೂಡಲೇ ಫಿಲ್ಟರ್ ಕಾಫಿ ಕುಡಿಯುವ ನಮ್ಮ ಮನೆಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಎಷ್ಟೋ ಜನ ಮಾತ್ರೆ ನುಂಗಿ ಐದು ನಿಮಿಷಕ್ಕೆ ಕಾಫಿ ಕುಡಿಯುತ್ತಾರೆ. ಆಮೇಲೆ ಟಿಎಸ್‌ಎಚ್ ಇಳಿಯಲಿಲ್ಲ ಎಂದು ಡೋಸ್ ಏರುತ್ತಾ ಹೋಗುತ್ತದೆ. ರಾತ್ರಿ ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುಂಚೆ ಮಾತ್ರೆ ತೆಗೆದುಕೊಳ್ಳುವ ದಾರಿಯೂ ಇದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ತಡವಾಗಿ ಉಂಡು ಕೂಡಲೇ ಮಲಗುವವರಿಗೆ ಇದು ಹೊಂದುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ಯಾವ ಹೊತ್ತಿನಲ್ಲಾದರೂ ನಾಲ್ಕು ಗಂಟೆ ದೂರ ಇಡಬೇಕು.

ಮೈಗ್ರೇನ್ ಬರದಂತೆ ತಡೆಯಲು ಕೊಡುವ ಮಾತ್ರೆಗಳೂ ಈ ಚಿತ್ರವನ್ನು ಕಲಕುತ್ತವೆ. ಫ್ಲೂನರಿಜಿನ್‌ನಿಂದ ತೂಕ ಏರುತ್ತದೆ, ಮಂಪರು ಬರುತ್ತದೆ, ಮನಸ್ಸು ಮಂಕಾಗಬಹುದು. ಅಮಿಟ್ರಿಪ್ಟಿಲಿನ್‌ನಿಂದ ತೂಕ ಮತ್ತು ಮಲಬದ್ಧತೆ. ಪ್ರೊಪ್ರನೊಲೋಲ್‌ನಿಂದ ನಾಡಿ ನಿಧಾನ. ಇವನ್ನು ಒಂದೇ ಸಾಲಿನಲ್ಲಿ ಬರೆದರೆ ಥೈರಾಯ್ಡ್ ಕಡಿಮೆಯಾದಾಗಿನ ಲಕ್ಷಣಗಳ ಪಟ್ಟಿಯಂತೆಯೇ ಕಾಣುತ್ತದೆ ಅಲ್ವಾ? ವ್ಯಾಲ್‌ಪ್ರೊಯೇಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೆಲವರಲ್ಲಿ ಟಿಎಸ್‌ಎಚ್ ಅನ್ನೇ ಏರಿಸುತ್ತದೆ. ಆಗ ಮೈಗ್ರೇನ್‌ಗೆ ಥೈರಾಯ್ಡ್ ಕಾರಣವೋ, ಮೈಗ್ರೇನ್ ಮಾತ್ರೆಯೇ ಥೈರಾಯ್ಡ್ ರಿಪೋರ್ಟ್‌ಗೆ ಕಾರಣವೋ ಎಂದು ಕೇಳಬೇಕಾಗುತ್ತದೆ.

ವ್ಯಾಲ್‌ಪ್ರೊಯೇಟ್ ಬಗ್ಗೆ ಇನ್ನೂ ಗಂಭೀರವಾದ ಮಾತಿದೆ. ಗರ್ಭದಲ್ಲಿರುವಾಗ ಈ ಔಷಧಿ ತಗುಲಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಕ್ಕಳಿಗೆ ಹುಟ್ಟಿನ ದೋಷ ಇರುತ್ತದೆ. 30ರಿಂದ 40 ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಹಿಂದುಳಿಯಬಹುದು. ಮೈಗ್ರೇನ್ ಹೆಚ್ಚು ಕಾಡುವುದು ಮಕ್ಕಳಾಗುವ ವಯಸ್ಸಿನಲ್ಲಿರುವ ಹೆಂಗಸರನ್ನೇ. ಮೈಗ್ರೇನ್ ತಡೆಯಲು ಕೊಡುವ ಟೋಪಿರಮೇಟ್ ಕೂಡ ಗರ್ಭಕ್ಕೆ ಸುರಕ್ಷಿತವಲ್ಲ. ಈ ಮಾತನ್ನು ಹೇಳದೆ ಇಂಥ ಮಾತ್ರೆ ಬರೆದುಕೊಡುವುದು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಲೆವೊಥೈರಾಕ್ಸಿನ್‌ನ ವಿಷಯ ಇದಕ್ಕೆ ತದ್ವಿರುದ್ಧ. ಗರ್ಭ ನಿಂತ ಮೇಲೆ ಅದನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಎಷ್ಟೋ ಸಲ ಡೋಸ್ ಹೆಚ್ಚಿಸಬೇಕಾಗುತ್ತದೆ. ‘ಬಸುರಿ ಮಾತ್ರೆ ತಿನ್ನಬಾರದು’ ಎಂದು ಮನೆಯಲ್ಲಿ ನಿಲ್ಲಿಸಿಬಿಡುವುದು ಮಗುವಿನ ಮೆದುಳಿಗೇ ತೊಂದರೆ.

ನೋವಿನ ಮಾತ್ರೆಗಳದ್ದು ಬೇರೆ ಕಥೆ. ಮೆಡಿಕಲ್ ಶಾಪ್‌ನಿಂದ ತಂದ ಮಾತ್ರೆಯನ್ನು ತಿಂಗಳಿಗೆ 15 ದಿನ ನುಂಗಿದರೆ, ಎರಡು-ಮೂರು ಔಷಧಿ ಬೆರೆಸಿದ ಮಾತ್ರೆಯಾದರೆ ತಿಂಗಳಿಗೆ 10 ದಿನ ನುಂಗಿದರೂ ಸಾಕು, ಕೆಲವು ತಿಂಗಳಲ್ಲಿ ಮಾತ್ರೆಯೇ ತಲೆನೋವು ತರಿಸಲು ಶುರು ಮಾಡುತ್ತದೆ. ‘ಥೈರಾಯ್ಡ್ ಮಾತ್ರೆ ತಗೊಂಡರೂ ತಲೆನೋವು ದಿನಾ ಇದೆ’ ಅನ್ನುವವರು ಮೊದಲು ಎಣಿಸಬೇಕಾದದ್ದು ಈ ದಿನಗಳನ್ನು.

ಇದಕ್ಕೆಲ್ಲ ಒಂದು ಕ್ಯಾಲೆಂಡರ್ ಸಾಕು. ಯಾವ ದಿನ ನೋವು ಬಂತು, ಎಷ್ಟು ಹೊತ್ತು ಇತ್ತು, ಒಂದೇ ಕಡೆಯೋ ಎರಡೂ ಕಡೆಯೋ, ವಾಂತಿ ಆಯಿತೇ, ಏನು ಮಾತ್ರೆ ತಗೊಂಡಿರಿ, ಮುಟ್ಟು ಯಾವಾಗ ಎಂದು ಬರೆದಿಡಿ. ಲೆವೊಥೈರಾಕ್ಸಿನ್ ದೇಹದಲ್ಲಿ ನಿಧಾನವಾಗಿ ನೆಲೆಯಾಗುತ್ತದೆ. ಅದಕ್ಕೇ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡುತ್ತಾರೆ. ಶುರು ಮಾಡುವ ಮುಂಚಿನ ಎರಡು ತಿಂಗಳು, ಆಮೇಲಿನ ಎರಡು-ಮೂರು ತಿಂಗಳು ಎರಡನ್ನೂ ಹೋಲಿಸಿದರೆ ಮಾತ್ರೆಯಿಂದ ಮೈಗ್ರೇನ್‌ಗೆ ಉಪಯೋಗ ಆಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಆಗದಿದ್ದರೆ ಡೋಸ್ ಏರಿಸುವುದು ಪರಿಹಾರವಲ್ಲ. ಮೈಗ್ರೇನ್ ತಡೆಯುವ ಔಷಧಿಯ ಬಗ್ಗೆ ಮಾತಾಡುವ ಸಮಯ ಬಂದಿದೆ ಎಂದರ್ಥ.

ಕೆಲವು ತಲೆನೋವಿಗೆ ಕ್ಯಾಲೆಂಡರ್ ಹಿಡಿದು ಕೂರುವಂತಿಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ಭಾರಿ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಬೇಕು.

ಉಳಿದವರಿಗೆ ನರರೋಗ ತಜ್ಞರೇ ಬೇಕೆಂದಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಮೂರ್ಛೆ ರೋಗ, ಪಾರ್ಶ್ವವಾಯು, ಮರೆಗುಳಿತನದ ಜೊತೆ ತಲೆನೋವನ್ನೂ ಸೇರಿಸಿದ್ದಾರೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಯಾವ ದಿನ ಇರುತ್ತದೆ ಎಂದು ವಿಚಾರಿಸಿ. ಹೋಗುವಾಗ ಆ ಕ್ಯಾಲೆಂಡರ್, ಹಳೆಯ ಟಿಎಸ್‌ಎಚ್ ರಿಪೋರ್ಟ್‌ಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳು ಜೊತೆಯಲ್ಲಿರಲಿ. ನೋವಿನ ಮಾತ್ರೆ ಮತ್ತು ವಿಟಮಿನ್ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಮರೆಯದೆ ಒಯ್ಯಿರಿ.